ಅಮಾವಾಸ್ಯೆಯ ಹಿಂದಿನ ರಾತ್ರಿ, ಕಡಲಾಮೆಗಳ ತೀರದಲ್ಲಿ

ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. 2013ರ ಮೇ ತಿಂಗಳಿಗೆ ಮುನ್ನ ಅದು ಗುರುವಾರ ಮತ್ತು ಶುಕ್ರವಾರವಾಗಿತ್ತು. ಊರಿನ ಬಂಧುಗಳಿಗೆ ಇದನ್ನು ಎಷ್ಟು ಸಲ ವಿವರಿಸಿದರೂ ಪ್ರಯೋಜನವಿರಲಿಲ್ಲ. ಭಾನುವಾರ ಬೆಳಿಗ್ಗೆ ನಾವು ತರಗತಿಯಲ್ಲಿ ಪಾಠ ಹೇಳುತ್ತಿರುವಾಗಲೇ ಅವರ ಕರೆ ಬರುತ್ತಿತ್ತು. ಮಸ್ಕತ್ತಿನ ಭಾರತೀಯ ಶಾಲೆಯೊಂದರಲ್ಲಿ ನಾವಿಬ್ಬರೂ ಅಧ್ಯಾಪಕರಾಗಿದ್ದ ಆ ವರ್ಷಗಳಲ್ಲಿ, ಎರಡು ದಿನಗಳ ಈ ಬಿಡುವೇ ನಮಗೆ ಹಬ್ಬ, ಜಾತ್ರೆ, ನೆಂಟರ ಮನೆ ಎಲ್ಲವೂ ಆಗಿತ್ತು.

2019ರ ಸೆಪ್ಟೆಂಬರ್ 27ರ ಮುಂಜಾನೆ ಆರು ಮಂದಿ ಸಹೋದ್ಯೋಗಿಗಳು ಒಂದೇ ವಾಹನದಲ್ಲಿ ಪೂರ್ವದ ಕಡಲತೀರಕ್ಕೆ ಹೊರಟೆವು. ಕಾಸರಗೋಡಿನವರು ನಾವಿಬ್ಬರು, ಹೊಸೂರಿನ ಗಣಿತದ ಅಧ್ಯಾಪಕಿ ಮತ್ತು ಅವರ ತಂಗಿ, ಅಕ್ಕಲಕೋಟೆಯ ಕಡೆಯ ಭೌತಶಾಸ್ತ್ರದ ಹಿರಿಯರು, ವಾಹನ ನಡೆಸಲು ಕಣ್ಣೂರಿನ ವ್ಯಾಯಾಮ ಶಿಕ್ಷಕರು. ಐವರು ಕನ್ನಡಿಗರಿದ್ದರೂ ಐವರೂ ಕರ್ನಾಟಕದ ಹೊರಗಿನವರೇ ಆಗಿದ್ದುದು ಆಕಸ್ಮಿಕ. ನಮ್ಮಲ್ಲಿ ಅಧ್ಯಾಪಕರನ್ನು ಮಾಷ್ಟ್ರು ಎನ್ನುತ್ತೇವೆ, ಹೊಸೂರಿನವರು ಮೇಷ್ಟ್ರು ಎನ್ನುತ್ತಾರೆ, ಅಕ್ಕಲಕೋಟೆಯವರಿಗೆ ಅದು ಮಾಸ್ತರ. ಯಾವುದು ಸರಿಯೆಂಬ ಚರ್ಚೆ ಕುರಿಯಾತ್ ಪಟ್ಟಣ ದಾಟುವವರೆಗೂ ನಡೆಯಿತು. ಕನ್ನಡ ಬಾರದ ಕಣ್ಣೂರಿನವರು ಕೊನೆಗೆ ತಮ್ಮ ಭಾಷೆಯಲ್ಲಿ 'ಮಾಷ್' ಎಂದರೆ ಸಾಕೆಂದು ತೀರ್ಪು ಕೊಟ್ಟರು.

ಬಿಮ್ಮಾ ಎಂಬಲ್ಲಿ ಸುಣ್ಣಕಲ್ಲಿನ ನೆಲ ಕುಸಿದು ಉಂಟಾದ ನೀಲಿ ಕೊಳವೊಂದಿದೆ. ಆಕಾಶದಿಂದ ನಕ್ಷತ್ರ ಬಿದ್ದು ಈ ಗುಂಡಿಯಾಯಿತೆಂದು ಅಲ್ಲಿಯ ಜನ ಹೇಳುತ್ತಾರೆ. ಕಾಲು ಇಳಿಬಿಟ್ಟರೆ ಪುಟ್ಟ ಮೀನುಗಳು ಬಂದು ಕಚ್ಚುತ್ತವೆ. ಮುಂದೆ ಫಿನ್ಸ್ ತೀರದಲ್ಲಿ ಬುತ್ತಿ ಬಿಚ್ಚಿದೆವು. ಹೊಸೂರಿನವರ ಪುಳಿಯೋಗರೆ, ನಮ್ಮ ನೀರುದೋಸೆ, ಅಕ್ಕಲಕೋಟೆಯ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಸೆಪ್ಟೆಂಬರಿನ ಬಿಸಿಲಿಗೆ ದೋಸೆ ಹಳಸುವ ಹಂತಕ್ಕೆ ಬಂದಿತ್ತು. ರೊಟ್ಟಿಗೆ ಏನೂ ಆಗಿರಲಿಲ್ಲ. ಬರದ ಸೀಮೆಯ ಅಡುಗೆಯೇ ಮರುಭೂಮಿಗೆ ಸರಿಯೆಂದು ಹಿರಿಯರು ನಕ್ಕರು.

ಕಲ್ಹಾತಿನಲ್ಲಿ ನಾವು ಬಯಸಿದ್ದಕ್ಕಿಂತ ಹೆಚ್ಚು ಹೊತ್ತು ನಿಂತೆವು. ಬೆಟ್ಟಕ್ಕೂ ಕಡಲಿಗೂ ನಡುವೆ ಈಗ ಉಳಿದಿರುವುದು ಕಲ್ಲುಗುಪ್ಪೆಗಳು ಮತ್ತು ಬೀಬಿ ಮರಿಯಂ ಎಂಬ ರಾಣಿಯ ಹೆಸರಿನ ಒಂದು ಗೋರಿಕಟ್ಟಡ ಮಾತ್ರ. ಹೊರಗಿನಿಂದಲೇ ನೋಡಿದೆವು. ಹಿಂದಿನ ವರ್ಷವಷ್ಟೇ, 2018ರಲ್ಲಿ, ಯುನೆಸ್ಕೋ ಸಂಸ್ಥೆ ಈ ಪಾಳುನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತ್ತು. ಒಂದು ಕಾಲದಲ್ಲಿ ಇಲ್ಲಿಂದ ಕುದುರೆಗಳು ಹಡಗೇರಿ ಭಾರತದ ಬಂದರುಗಳಿಗೆ ಬರುತ್ತಿದ್ದವೆಂದು ಮಾರ್ಕೊ ಪೋಲೋ ಬರೆದಿದ್ದಾನೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತಾ ಸೂರ್ ಪಟ್ಟಣದ ಕಡೆಯಿಂದ ಇಲ್ಲಿಗೆ ಕಾಲ್ನಡಿಗೆಯಲ್ಲಿ ಬಂದ. ದಾರಿ ತೋರುವವನೇ ದೋಚಲು ಹವಣಿಸಿದುದರಿಂದ ಬಾಯಾರಿ, ಪಾದಗಳು ಊದಿ, ಅರೆಜೀವವಾಗಿ ಊರು ಸೇರಿದನಂತೆ. ಅದೇ ಪ್ರವಾಸಿ ಬಳಿಕ ನಮ್ಮ ಹೊನ್ನಾವರ, ಮಂಗಳೂರುಗಳನ್ನೂ, ಕಾಸರಗೋಡಿಗೆ ದಕ್ಷಿಣದ ಏಳಿಮಲೆಯನ್ನೂ ಕಂಡವನು. ಇಂತಹ ಕಲ್ಹಾತನ್ನು 1508ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಹಾಳುಗೆಡವಿದ. ಪಠ್ಯಪುಸ್ತಕದಲ್ಲಿ ಅಲ್ಬುಕರ್ಕನನ್ನು ಗೋವೆಯ ಪ್ರಕರಣದಲ್ಲಷ್ಟೇ ಪಾಠ ಹೇಳಿದ್ದ ನಮಗೆ, ಅವನು ಗೋವೆಗೆ ಬರುವ ಮುನ್ನ ಇಲ್ಲೇನು ಮಾಡಿದ್ದನೆಂಬುದು ಕಣ್ಣೆದುರೇ ಬಿದ್ದಿತ್ತು.

ಸೂರ್ ಪಟ್ಟಣವು ಮಸ್ಕತ್ತಿನಿಂದ ಸುಮಾರು 200 ಕಿಲೋಮೀಟರು ದೂರದಲ್ಲಿದೆ. ಅಲ್ಲಿಯ ಹಡಗುಕಟ್ಟೆಯಲ್ಲಿ ಮರದ ಹಡಗೊಂದು ಅರ್ಧ ಎದ್ದು ನಿಂತಿತ್ತು. ಹಿಂದೆ ಇಲ್ಲಿಯ ಹಡಗುಗಳಿಗೆ ಬೇಕಾದ ತೇಗ ಬರುತ್ತಿದ್ದುದು ನಮ್ಮ ಮಲಬಾರಿನಿಂದಲೇ. ಕಣ್ಣೂರಿನವರು ಹಲಗೆಯೊಂದನ್ನು ತಟ್ಟಿ, ತಮ್ಮ ಮನೆಯ ಬಾಗಿಲನ್ನು ತಟ್ಟಿದಂತಾಯಿತೆಂದರು.

ಸಂಜೆಗೆ ರಾಸ್ ಅಲ್ ಜಿಂಜ್ ತಲಪಿದೆವು. ಅರಬ್ಬೀ ಭೂಖಂಡದ ಪೂರ್ವತುದಿ ಇದು. ಇದಕ್ಕೆ ತುಸು ಉತ್ತರದ ರಾಸ್ ಅಲ್ ಹದ್ದಿನಲ್ಲಿ ಒಮಾನಿನ ಕೊಲ್ಲಿ ಮುಗಿದು ಅರಬ್ಬೀ ಸಮುದ್ರ ಮೊದಲಾಗುತ್ತದೆ. ಎಂದರೆ ನಮ್ಮ ಕಾಸರಗೋಡಿನ ಕಡಲೇ. ಊರಿನಲ್ಲಿ ಸೂರ್ಯ ಅದರಲ್ಲಿ ಮುಳುಗುವುದನ್ನು ನೋಡಿ ಬೆಳೆದವರು ನಾವು. ಇಲ್ಲಿ ಅವನು ಅದರಿಂದಲೇ ಏಳುತ್ತಾನೆ. ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುವ ಈ ತೀರವನ್ನು ಒಮಾನ್ ಸರಕಾರ 1996ರಲ್ಲಿ ರಕ್ಷಿತ ಪ್ರದೇಶವೆಂದು ಸಾರಿತು. ರಾತ್ರಿ ಮತ್ತು ನಸುಕಿನಲ್ಲಿ ಮಾರ್ಗದರ್ಶಕರೊಡನೆ ಮಾತ್ರ ಅಲ್ಲಿಗೆ ಪ್ರವೇಶ. ದೀಪ ಕೂಡದು, ಸದ್ದು ಕೂಡದು, ಮೊಬೈಲ್ ಹೊರತೆಗೆಯಕೂಡದು.

ಆಮೆಗಳಿಗಾಗಿ ಹಾತೊರೆದು ಬಂದವರು ಅಕ್ಕಲಕೋಟೆಯ ಹಿರಿಯರು. ಮುಂದಿನ ಮಾರ್ಚಿಗೆ ಅವರ ಇಪ್ಪತ್ತೊಂದು ವರ್ಷಗಳ ಸೇವೆ ಮುಗಿಯುವುದಿತ್ತು. ಇಷ್ಟು ವರ್ಷವೂ "ಮುಂದಿನ ಸಲ ನೋಡೋಣು" ಎನ್ನುತ್ತಲೇ ಕಳೆದಿದ್ದರು. ಆ ಫೆಬ್ರವರಿಯಲ್ಲಿ, ಹತ್ತನೆಯ ತರಗತಿಯ ಪರೀಕ್ಷೆಗಳ ಗಡಿಬಿಡಿಯಲ್ಲಿ, ಅವರ ತಾಯಿ ತೀರಿಕೊಂಡಿದ್ದರು. ಅವರು ಊರು ಮುಟ್ಟಿದ್ದು ಮೂರನೆಯ ದಿನ. ಅದರ ಬಳಿಕ 'ಮುಂದಿನ ಸಲ' ಎಂಬ ಮಾತನ್ನು ಅವರ ಬಾಯಲ್ಲಿ ನಾವು ಕೇಳಲಿಲ್ಲ.

ಮರುದಿನ ಮಹಾಲಯ ಅಮಾವಾಸ್ಯೆ. ಕತ್ತಲೆ ಎಷ್ಟು ದಟ್ಟವಾಗಿತ್ತೆಂದರೆ ಮುಂದಿನವರ ಬೆನ್ನೂ ಕಾಣುತ್ತಿರಲಿಲ್ಲ. ಒಮಾನಿ ತರುಣನೊಬ್ಬ ನಮ್ಮನ್ನು ನಡೆಸಿಕೊಂಡು ಹೋಗಿ, ಮರಳಿನಲ್ಲಿ ಕುಳ್ಳಿರಿಸಿದ. ತುಸು ಹೊತ್ತಿನಲ್ಲಿ ನೀರಿನಂಚಿನಿಂದ ಕರಿಯ ಬಂಡೆಯೊಂದು ಬೇರ್ಪಟ್ಟು ಮೇಲೇರತೊಡಗಿತು. ನೂರು ಕಿಲೋಗ್ರಾಮಿಗೂ ಮಿಕ್ಕ ತೂಕದ ಆ ಜೀವ ನಾಲ್ಕು ಹೆಜ್ಜೆ ತೆವಳುವುದು, ನಿಲ್ಲುವುದು, ನಿಟ್ಟುಸಿರು ಬಿಡುವುದು, ಮತ್ತೆ ತೆವಳುವುದು. ಆ ನಿಟ್ಟುಸಿರು ನಮಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಊರಿನಲ್ಲಿ ಅಜ್ಜಿಯ ಬಳಿ ಓದುತ್ತಿದ್ದ ಮಗಳು ಆಮೆಯ ಚಿತ್ರ ಬೇಕೆಂದು ಹಟ ಹಿಡಿದಿದ್ದಳು. ದೀಪ ಹತ್ತದಂತೆ ಮಾಡಿದ್ದೇವೆಂಬ ಭರವಸೆಯಿಂದ ನಾವು ಮೊಬೈಲನ್ನು ಸೆರಗಿನ ಮರೆಯಿಂದ ಹೊರತೆಗೆದೆವು. ದೀಪ ಹತ್ತಿತು. ಒಂದು ಕ್ಷಣ ಮರಳೆಲ್ಲ ಬೆಳ್ಳಗಾಯಿತು. ಆಮೆ ನಿಂತಿತು; ಬಹಳ ಹೊತ್ತು ನಿಂತಿತು. ಬಳಿಕ ಆ ಭಾರವಾದ ಮೈಯನ್ನು ಮೆಲ್ಲಮೆಲ್ಲನೆ ತಿರುಗಿಸಿ, ಬಂದ ದಾರಿಯಲ್ಲೇ ನೀರಿಗೆ ಇಳಿದುಹೋಯಿತು.

ಮಾರ್ಗದರ್ಶಕ ತರುಣ ಗದರಿಸಲಿಲ್ಲ. ಅದು ಇಂದೇ ಬೇರೆಡೆ ಏರಬಹುದು, ನಾಳೆ ಬರಬಹುದು ಎಂದಷ್ಟೇ ಹೇಳಿ, ನಾವು ಯಾವ ಕೆಲಸದಲ್ಲಿರುವವರೆಂದು ಕೇಳಿದ. ಯಾರೂ ಉತ್ತರಿಸಲಿಲ್ಲ. ಆ ರಾತ್ರಿ ಮತ್ತೊಂದು ಆಮೆ ನಮ್ಮ ಬಳಿ ಸುಳಿಯಲಿಲ್ಲ. ಹಿರಿಯರ ಬಳಿ ಹೋಗಿ ಕ್ಷಮೆ ಕೇಳಿದೆವು. "ಇರ್ಲಿ ಬಿಡ್ರಿ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ನಿದ್ದೆ ಬಾರದೆ, ನಾಲ್ಕು ಗಂಟೆಯ ಗುಂಪಿನೊಡನೆ ಮತ್ತೆ ಇಳಿದೆವು. ಈ ಸಲ ಮೊಬೈಲುಗಳನ್ನು ಕೋಣೆಯಲ್ಲೇ ಬಿಟ್ಟಿದ್ದೆವು. ಗುಂಡಿ ತೋಡಿ ಮುಗಿಸಿದ್ದ ಆಮೆಯೊಂದರ ಹಿಂದೆ ನಮ್ಮನ್ನು ಕುಳ್ಳಿರಿಸಿ, ತರುಣ ತನ್ನ ಮಂದ ದೀಪವನ್ನು ಹಿಂಬದಿಗೆ ಹಿಡಿದ. ಮೇಜಿನಾಟದ ಚೆಂಡಿನಂತಹ ಬಿಳಿಯ ಮೊಟ್ಟೆಗಳು ಒಂದೆರಡಾಗಿ ಬೀಳುತ್ತಿದ್ದವು. ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆ. ಮರಿಯಾಗಲು ಎರಡು ತಿಂಗಳು. ಮರಳು ಹೆಚ್ಚು ಬಿಸಿಯಿದ್ದರೆ ಹೆಣ್ಣು, ತಂಪಿದ್ದರೆ ಗಂಡು. ಕಣ್ಣಿಂದ ನೀರು ಇಳಿಯುತ್ತಿತ್ತು. ಮೈಯಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಬಗೆ ಅದೆಂದು ನಮಗೆಲ್ಲ ತಿಳಿದಿತ್ತು. ಪಾಠ ಹೇಳುವ ಚಾಳಿಯಿಂದ ನಮ್ಮಲ್ಲೊಬ್ಬರು ಹಾಗೆಂದು ಪಿಸುಗುಟ್ಟಿದರು. ಹಿರಿಯರು ಕೈ ಎತ್ತಿ ಸುಮ್ಮನಾಗಿಸಿದರು. ಮೊಟ್ಟೆಯಿಟ್ಟ ಬಳಿಕ ಅದು ಮುಂಗಾಲುಗಳಿಂದ ಮರಳೆರಚಿ, ಗೂಡಿನ ಗುರುತನ್ನೇ ಅಳಿಸಿ, ಬೆಳಕು ಹರಿಯುವಾಗ ಕಡಲಿಗೆ ನಡೆಯಿತು. ನರಿಗಳ ಹೆಜ್ಜೆಗುರುತುಗಳು ಆಗಲೇ ಆ ಸುತ್ತ ಮೂಡಿದ್ದವು.

ನಮ್ಮೂರಿನ ಸಮೀಪ, ನೀಲೇಶ್ವರದ ತೈಕಡಪ್ಪುರದಲ್ಲಿಯೂ ಊರವರು ಆಲಿವ್ ರಿಡ್ಲೆ ಆಮೆಗಳ ಮೊಟ್ಟೆಗಳನ್ನು ಕಾಯ್ದು ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಅಷ್ಟು ಹತ್ತಿರವಿದ್ದೂ ನಾವು ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಬೆಳಿಗ್ಗೆ ಮರಳುವ ದಾರಿಯಲ್ಲಿ, ರಾಸ್ ಅಲ್ ಹದ್ದಿನ ಆಚೆಯ ಬರಿದಾದ ತೀರವೊಂದರಲ್ಲಿ ಹಿರಿಯರು ವಾಹನ ನಿಲ್ಲಿಸಲು ಹೇಳಿದರು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು, ಅದರಲ್ಲಿ ಕರಿಯೆಳ್ಳು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ ನೀರಿಗಿಳಿದರು. ಜೋಳದ ಸೀಮೆಯ ಅವರಿಗೆ ಅಲೆಯ ಸೆಳೆತದ ಅರಿವಿಲ್ಲವೆಂದು ಕಣ್ಣೂರಿನವರು ಎರಡು ಮಾರು ಹಿಂದೆ ನಿಂತುಕೊಂಡರು. ಮೂರು ಸಲ ಎಳ್ಳುನೀರು ಬಿಟ್ಟು ಬಂದ ಹಿರಿಯರು ಹೇಳಿದ್ದು ಒಂದೇ ಮಾತು:

"ನಮ್ಮವ್ವ ಸಮುದ್ರ ನೋಡಿದಾಕಿ ಅಲ್ರೀ."

ಮಾರ್ಚಿನಲ್ಲಿ ಹೊರಡಬೇಕಿದ್ದ ಅವರು, 2020ರ ಕೋವಿಡ್ ಕಾಲದಲ್ಲಿ ವಿಮಾನಗಳು ನಿಂತುಹೋಗಿ, ಜೂನಿನವರೆಗೆ ಮಸ್ಕತ್ತಿನಲ್ಲೇ ಕಾದು ಊರು ಸೇರಿದರು. ಅದು ಬೇರೆಯೇ ಕಥೆ.

ಭಾನುವಾರ ಎಂದಿನಂತೆ ಶಾಲೆ. ಮೂರನೆಯ ಅವಧಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೇಜಿನ ಕೆಳಗೆ ಮೊಬೈಲ್ ಹಿಡಿದು ನಮಗೆ ಸಿಕ್ಕಿಬಿದ್ದ. ಇಂತಹವರಿಗಾಗಿ ನಮ್ಮ ಬಳಿ ಕಾಲುಗಂಟೆಯ ಬೋಧನೆಯೊಂದು ಸದಾ ಸಿದ್ಧವಿರುತ್ತಿತ್ತು. ಅಂದು ಅದನ್ನು ಕೈನೀಡಿ ಪಡೆದು, ಅವಧಿ ಮುಗಿದ ಮೇಲೆ ಮಾತಿಲ್ಲದೆ ಹಿಂದಿರುಗಿಸಿದೆವು. ಹುಡುಗನಿಗೆ ಆಶ್ಚರ್ಯವಾಗಿರಬೇಕು, ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದ.