ಲೋಕಲ್ ಟೈಮಿನ ಜೊತೆ ಉಬ್ಬರದ ಟೈಮೂ ಗೊತ್ತಿರಲಿ!

ಕಳೆದ ಜುಲೈನಲ್ಲಿ ಕಲಬುರಗಿಯಿಂದ ರೈಲು ಹತ್ತಿ ಮುಂಬೈನ ಕುರ್ಲಾದಲ್ಲಿರುವ ಸೋದರಮಾವನ ಮನೆಗೆ ಬಂದಿಳಿದೆ. ಮರುದಿನ ಮಧ್ಯಾಹ್ನ 1 ಗಂಟೆಗೆ ಪರೇಲ್‌ನಲ್ಲಿ ನನ್ನ ಮೊದಲ ಸಂದರ್ಶನ. ಅಂಕಪಟ್ಟಿಗಳ ಫೈಲು, ಇಸ್ತ್ರಿ ಮಾಡಿದ ಅಂಗಿ, ಲೋಕಲ್ ರೈಲಿನ ಟೈಮು ಎಲ್ಲವೂ ಸಿದ್ಧವಿತ್ತು.

ಬೆಳಿಗ್ಗೆ ಚಹಾ ಕುಡಿಯುತ್ತಾ ಮಾಮಾ, ‘ಇವತ್ತ ಮಧ್ಯಾಹ್ನ ಸಮುದ್ರದಾಗ ದೊಡ್ಡ ಉಬ್ಬರ ಐತಿ. ಮಳಿನೂ ಜೋರ್ ಐತಿ. ಎಂಟಕ್ಕ ಹೊಂಟುಬಿಡು’ ಎಂದರು. ನನಗೆ ನಗು ಬಂತು. ರೈಲಿನಲ್ಲಿ ಹೋಗುವವನಿಗೆ ಸಮುದ್ರದ ಚಿಂತೆ ಯಾಕೆ? 11.30ಕ್ಕೆ ಹೊರಟೆ.

ಸಯನ್ ಹತ್ತಿರ ಲೋಕಲ್ ನಿಂತಿತು. ಹಳಿಗಳು ನೀರಿನಲ್ಲಿ ಮುಳುಗಿದ್ದವು. ಎರಡು ಗಂಟೆಯಾದರೂ ಗಾಡಿ ಕದಲಲಿಲ್ಲ. ಕಂಪನಿಗೆ ಫೋನ್ ಮಾಡಿದೆ. ‘ಉಳಿದವರೆಲ್ಲ ಬಂದಿದ್ದಾರಲ್ಲ’ ಎಂಬ ಉತ್ತರ ಬಂತು. ಅಷ್ಟಕ್ಕೇ ಮುಗಿಯಿತು.

ಅಂದು ರಾತ್ರಿ ಮಾಮಾ ಬೈಯಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದು ಊರನ್ನು ಅರ್ಥ ಮಾಡಿಸಿದರು.

ದಕ್ಷಿಣ ಮುಂಬೈ ಒಂದು ಕಾಲಕ್ಕೆ ಏಳು ದ್ವೀಪಗಳಾಗಿತ್ತು. ಪರೇಲ್, ಮಾಹಿಮ್, ವರ್ಲಿ, ಮಜಗಾಂವ್ ಒಂದೊಂದೂ ಬೇರೆ ಬೇರೆ. ಉಬ್ಬರ ಬಂದಾಗ ನಡುವಿನ ತಗ್ಗುಗಳಿಗೆ ಸಮುದ್ರ ನುಗ್ಗುತ್ತಿತ್ತು. 18ನೇ ಶತಮಾನದಿಂದ ಒಡ್ಡು ಕಟ್ಟಿ, ಗುಡ್ಡ ಅಗೆದ ಮಣ್ಣು ತುಂಬಿ ಅವನ್ನು ಒಂದುಗೂಡಿಸಿದರು. ಸಮುದ್ರವನ್ನು ಹೊರಗಿಟ್ಟರೂ ತಗ್ಗು ತಗ್ಗಾಗಿಯೇ ಉಳಿಯಿತು. ಪರೇಲ್ ಬಳಿಯ ಹಿಂದ್‌ಮಾತಾದಂಥ ಕಡೆ ಪ್ರತಿವರ್ಷ ನೀರು ನಿಲ್ಲುವುದು ಇದೇ ಕಾರಣಕ್ಕೆ.

ಇನ್ನು ಮಳೆ. ಅರಬ್ಬಿ ಸಮುದ್ರದ ತೇವ ಹೊತ್ತ ಮುಂಗಾರು ಗಾಳಿಗೆ ಪೂರ್ವದಲ್ಲಿ ಪಶ್ಚಿಮ ಘಟ್ಟ ಅಡ್ಡ ನಿಂತಿದೆ. ವರ್ಷಕ್ಕೆ 2,000 ಮಿ.ಮೀ.ಗಿಂತ ಹೆಚ್ಚು ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಈ ನೀರೆಲ್ಲ ಚರಂಡಿಗಳ ಮೂಲಕ ಸಮುದ್ರ ಸೇರಬೇಕು. ಆದರೆ ದೊಡ್ಡ ಉಬ್ಬರದ ಹೊತ್ತಿನಲ್ಲಿ ಸಮುದ್ರದ ಮಟ್ಟ ಹಲವು ಚರಂಡಿಗಳ ಬಾಯಿಗಿಂತ ಮೇಲಿರುತ್ತದೆ. ಆಗ ನೀರು ಹೊರಹೋಗದೆ ರಸ್ತೆಯಲ್ಲೇ ನಿಲ್ಲುತ್ತದೆ. ಅದಕ್ಕೇ ಹಾಜಿ ಅಲಿಯಂಥ ಕಡೆ ನೀರೆತ್ತಿ ಸಮುದ್ರಕ್ಕೆ ಹಾಕುವ ಪಂಪಿಂಗ್ ಸ್ಟೇಷನ್‌ಗಳಿವೆ.

2005ರ ಜುಲೈ 26ರ ಕಥೆಯನ್ನೂ ಮಾಮಾ ಹೇಳಿದರು. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿಯಿತು. ನಮ್ಮ ಕಲಬುರಗಿಯಲ್ಲಿ ಇಡೀ ವರ್ಷ ಬೀಳುವ ಮಳೆಗಿಂತ ಹೆಚ್ಚು! ವಿಹಾರ್ ಕೆರೆ ಕಡೆಯಿಂದ ಹರಿದು ಮಾಹಿಮ್ ಖಾರಿ ಸೇರುವ ಮೀಠಿ ನದಿ ಕುರ್ಲಾದ ಮನೆಗಳಿಗೆ ನುಗ್ಗಿತ್ತು. ಮಾಮಾ ಆ ರಾತ್ರಿ ಆಫೀಸಿನ ಮೇಜಿನ ಮೇಲೆ ಮಲಗಿದ್ದರಂತೆ.

2011ರ ಜನಗಣತಿಯಂತೆ ಈ ಇಕ್ಕಟ್ಟಾದ ನೆಲದಲ್ಲಿ 1.24 ಕೋಟಿ ಜನರಿದ್ದಾರೆ. ನೆಲ ಉತ್ತರ–ದಕ್ಷಿಣವಾಗಿ ಉದ್ದಕ್ಕಿರುವುದರಿಂದ ರೈಲು ಮಾರ್ಗಗಳೂ ಹಾಗೇ ಇವೆ. ಒಂದು ಕಡೆ ಹಳಿ ಮುಳುಗಿದರೆ ಹಿಂದಿನವರೆಲ್ಲ ಅಲ್ಲಲ್ಲೇ ಉಳಿಯುತ್ತಾರೆ. ನಾನು ಉಳಿದದ್ದೂ ಹಾಗೆಯೇ.

ಮೂರು ವಾರದ ನಂತರ ಇನ್ನೊಂದು ಸಂದರ್ಶನದ ಕರೆ ಬಂತು. ಈ ಸಲ ಹಿಂದಿನ ದಿನವೇ ಪತ್ರಿಕೆಯಲ್ಲಿ ಉಬ್ಬರದ ಸಮಯ ನೋಡಿದೆ. ದಿನಕ್ಕೆರಡು ಸಲ ಉಬ್ಬರ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಬೆಳಿಗ್ಗೆ 7ಕ್ಕೇ ಹೊರಟು, ಕಂಪನಿಯ ಗೇಟಿನ ಮುಂದೆ ವಡಾಪಾವ್ ತಿನ್ನುತ್ತಾ ಮೂರು ತಾಸು ಕಾದೆ. ಕೆಲಸ ಸಿಕ್ಕಿತು. ಸಂಬಳ ಮೊದಲನೆಯದಕ್ಕಿಂತ ಕಡಿಮೆ, ಇರಲಿ.

ಗೆಳೆಯರೇ, ಕೆಲಸ ಹುಡುಕಿ ಹೊಸ ಊರಿಗೆ ಹೋಗುವಾಗ ಕಂಪನಿಯ ಬಗ್ಗೆ ಎಷ್ಟೆಲ್ಲ ಓದಿಕೊಳ್ಳುತ್ತೇವೆ. ಆ ಊರಿನ ನೆಲ, ನೀರು, ಮಳೆಯ ಬಗ್ಗೆಯೂ ಒಂದಿಷ್ಟು ತಿಳಿದುಕೊಳ್ಳಿ. ಅಲ್ಲಿ ಒಬ್ಬ ಮಾಮಾ ಇದ್ದರೆ ಅವರ ಮಾತಿಗೆ ನಗಬೇಡಿ!