ಗಣಕದ ಓಲೆಗರಿಯಲ್ಲಿ ವಚನಗಳು

ಬೆಳ್ತಂಗಡಿಯ ಮಗ್ಗುಲಲ್ಲಿರುವ ಲಾಯಿಲದಂತಹ ಊರಿನಲ್ಲಿ, ಮನೆಯ ಜಗಲಿಯಲ್ಲಿಯೇ ಕುಳಿತು ದೂರದವರಿಗೆ ಜಾಲತಾಣಗಳನ್ನು ರಚಿಸಿಕೊಡುವ ಉದ್ಯೋಗ ಇಂದು ಅಸಾಧ್ಯವೇನಲ್ಲ. ಆದರೆ ಕಚೇರಿಯಿಲ್ಲದ, ತಿಂಗಳ ಸಂಬಳವಿಲ್ಲದ, ತಾನಾಗಿಯೇ ಕಲಿತ ಈ ವಿದ್ಯೆಯನ್ನು ಉದ್ಯೋಗವೆಂದು ಒಪ್ಪಲು ತಂದೆತಾಯಿಗಳ ಮನಸ್ಸು ಹಿಂಜರಿಯುತ್ತದೆ. ‘ಇದರಿಂದೇನಾದೀತು?’ ಎಂಬ ಅವರ ಪ್ರಶ್ನೆ ಸಹಜವಾದುದೇ. ಅದಕ್ಕೆ ನಮ್ಮ ವಚನ ಸಾಹಿತ್ಯದ ಇತ್ತೀಚಿನ ಚರಿತ್ರೆಯಲ್ಲಿಯೇ ಒಂದು ಉತ್ತರವುಂಟು.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಅರಸಿ ತಂದು 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದುದನ್ನೂ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದುದನ್ನೂ ಓದುಗರು ಬಲ್ಲರು. ಅವರು ಓದಿದ ಕಾನೂನಿಗೂ ಅಚ್ಚಿನ ಮೊಳೆಗಳಿಗೂ ಎತ್ತಣ ನಂಟು! ಮುಂದೆ 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟದ 15 ಸಂಪುಟಗಳನ್ನು ಪ್ರಕಟಿಸಿತು. ಆದರೂ ‘ಕಾಯಕ’ವೆಂಬ ಮಾತನ್ನು ಯಾವ ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆಂದು ತಿಳಿಯಬಯಸುವವನು ಆ 15 ಸಂಪುಟಗಳ ಪುಟಪುಟವನ್ನೂ ತಿರುವಬೇಕಾಗಿತ್ತು.

2013ರ ಸುಮಾರಿಗೆ ಓಂಶಿವಪ್ರಕಾಶ್, ದೇವರಾಜು, ಪವಿತ್ರಾ ಎಂಬ ಕೆಲವೇ ಜನರು ಈ ಶ್ರಮವನ್ನು ಯಂತ್ರಕ್ಕೆ ವಹಿಸಲು ಹೊರಟರು. ಓ. ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ ಮೊದಲಾದವರು ಜೊತೆಗೂಡಿದರು. ಯಾವ ದೊಡ್ಡ ಸಂಸ್ಥೆಯ ಆಜ್ಞೆಯೂ ಇಲ್ಲದೆ, ಬಿಡುವಿನ ವೇಳೆಯಲ್ಲಿ ಸ್ವಯಂಪ್ರೇರಣೆಯಿಂದ ನಡೆದ ಈ ಕಾರ್ಯವೇ ‘ವಚನ ಸಂಚಯ’. 200ಕ್ಕೂ ಹೆಚ್ಚು ವಚನಕಾರರ 20,000ಕ್ಕೂ ಮಿಗಿಲಾದ ವಚನಗಳು ಅದರಲ್ಲಿವೆ. ಪದವೊಂದನ್ನು ಬರೆದೊಡನೆ ಅದಿರುವ ವಚನಗಳು ಕಣ್ಣೆದುರು ನಿಲ್ಲುತ್ತವೆ.

ಹೇಳುವುದಕ್ಕೆ ಸುಲಭ. ಆದರೆ ಗಣಕದಲ್ಲಿದ್ದ ಕನ್ನಡ ಬರಹದ ಬಹುಪಾಲು ಹಳೆಯ ಫಾಂಟುಗಳಲ್ಲಿತ್ತು. ಅವುಗಳಲ್ಲಿ ಯಂತ್ರವು ಕನ್ನಡ ಅಕ್ಷರವನ್ನು ಅಕ್ಷರವೆಂದು ಅರಿಯದು. ಚೂರುಚೂರು ಚಿತ್ರಗಳನ್ನು ಸಾಲಾಗಿ ಜೋಡಿಸುತ್ತದೆ, ಅಷ್ಟೇ. ‘ಧರ್ಮ’ ಎಂಬ ಪದವನ್ನೇ ನೋಡಿ. ಹಳೆಯ ಕ್ರಮದಲ್ಲಿ ಮೊದಲು ಧಕಾರ, ಆಮೇಲೆ ಮಕಾರ, ಕಡೆಯಲ್ಲಿ ಅರ್ಕಾವತ್ತು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಾದರೋ ನಾಲಿಗೆ ನುಡಿಯುವ ಕ್ರಮವೇ ಕ್ರಮ. ರಕಾರವು ಮಕಾರಕ್ಕೆ ಮೊದಲು ಬರಬೇಕು. ಆದುದರಿಂದ ಅರ್ಕಾವತ್ತು ಕಂಡಲ್ಲೆಲ್ಲ ಹಿಂದಿನ ಅಕ್ಷರವನ್ನು ಅದರ ಕಾಗುಣಿತ, ಒತ್ತುಗಳ ಸಮೇತ ದಾಟಿ ಹಿಂದೆ ಹೋಗಿ ರಕಾರವನ್ನಿರಿಸುವಂತೆ ಯಂತ್ರಕ್ಕೆ ವಿಧಿಸಬೇಕು. ಒತ್ತಕ್ಷರ, ದೀರ್ಘಗಳಿಗೆ ಬೇರೆ ಬೇರೆ ನಿಯಮಗಳು. ಇಂತಹ ಪರಿವರ್ತಕವನ್ನು ರಚಿಸಿ ಎಲ್ಲರಿಗೂ ಮುಕ್ತವಾಗಿ ನೀಡಿದವರಲ್ಲಿ ‘ಗುಬ್ಬಿ’, ‘ನವಿಲು’ ಫಾಂಟುಗಳ ಅರವಿಂದ ವಿ. ಕೆ. ಒಬ್ಬರು.

ಬೆರಳಚ್ಚಿನವರ ಅಭ್ಯಾಸವೂ ತೊಡಕೇ. ‘ಲಿಂಗ’ ಎಂಬಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನೊತ್ತಿದರೆ ಓದುವ ಕಣ್ಣಿಗೆ ಭೇದವೇ ತೋರದು. ಹುಡುಕುವ ಯಂತ್ರಕ್ಕೆ ಮಾತ್ರ ಅಲ್ಲಿ ಲಿಂಗವೇ ಇಲ್ಲ! ಇಂತಹ ದೋಷಗಳನ್ನು ಪತ್ತೆಹಚ್ಚುವ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ದೊರೆಯುವುದಿಲ್ಲ. ಮಾಡಿ, ಕೆಡಿಸಿ, ಮತ್ತೆ ಮಾಡಿಯೇ ಕಲಿಯಬೇಕು.

ದಕ್ಷಿಣ ಕನ್ನಡದವರಿಗೆ ಇದು ಹೊಸತೂ ಅಲ್ಲ. ಮಂಗಳೂರಿಗೆ ಸಮೀಪದ ಕಿನ್ನಿಕಂಬಳದವರಾದ ನಾಡೋಜ ಕೆ. ಪಿ. ರಾಯರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಕನ್ನಡ ತಂತ್ರಾಂಶವೊಂದನ್ನು ರಚಿಸಿ ಉಚಿತವಾಗಿಯೇ ನೀಡಿದರು. ಇಂಗ್ಲಿಷಿನ ಕೇವಲ 26 ಕೀಲಿಗಳಲ್ಲಿ ಕನ್ನಡದ ಸಕಲ ಅಕ್ಷರಗಳನ್ನೂ ಮೂಡಿಸುವ ಅವರ ವಿನ್ಯಾಸವೇ ‘ನುಡಿ’ ತಂತ್ರಾಂಶದ ಕೀಲಿಮಣೆಗೆ ಆಧಾರವಾಯಿತು.

ಇಂತಹ ಕಾರ್ಯದಿಂದ ಮನೆಯ ಒಲೆ ಉರಿಯದೆಂಬುದು ನಿಜ. ಹೊಟ್ಟೆಪಾಡಿಗೆ ಅಂಗಡಿಯ ಜಾಲತಾಣ, ಶಾಲೆಯ ಜಾಲತಾಣಗಳನ್ನು ಮಾಡಲೇಬೇಕು. ಹಣ ಕೊಡುವವರು ತಡಮಾಡುವುದೂ ಉಂಟು. ಮಗನೋ ಮಗಳೋ ಆ ದಾರಿ ಹಿಡಿದರೆ ಮೊದಲ ಎರಡು ಮೂರು ವರ್ಷ ಹಿರಿಯರು ಕೈಹಿಡಿಯಬೇಕಾದೀತು. ರಾತ್ರಿಯ ಬಿಡುವಿನಲ್ಲಿ ಮಾಡುವುದಕ್ಕೆ ಕೆಲಸವೂ ಬೇಕಾದಷ್ಟಿದೆ. ‘ಕಾಯಕ’, ‘ಕಾಯಕದಲ್ಲಿ’, ‘ಕಾಯಕವೆಂಬುದು’ ಇವೆಲ್ಲ ಒಂದೇ ಪದದ ರೂಪಗಳೆಂದು ಯಂತ್ರ ತಾನಾಗಿ ಅರಿಯದು. ಸಂಧಿಯನ್ನು ಬಿಡಿಸಿ, ಪ್ರತ್ಯಯವನ್ನು ಕಳಚಿ ಮೂಲಪದವನ್ನು ಕಾಣುವಂತೆ ಅದಕ್ಕೆ ಕಲಿಸಲು ವ್ಯಾಕರಣವನ್ನೂ ಬಲ್ಲ, ಯಂತ್ರದ ಭಾಷೆಯನ್ನೂ ಬಲ್ಲ ತರುಣರು ಬೇಕು.