ನಗೆಮನೆಗೆ ಬಂದ ನೆಂಟರು

ಮನೆಗೆ ನೆಂಟರು ಬಂದಾಗ ಮನೆಯವರು ಮನೆಯವರಾಗಿ ಉಳಿಯುವುದಿಲ್ಲ. ಹರಿದ ಚಾಪೆ ಒಳಕೋಣೆಗೆ ಸರಿಯುತ್ತದೆ. ಅತ್ತೆ-ಸೊಸೆಯರ ದನಿ ಇಳಿಯುತ್ತದೆ. ಹುಡುಗರು ಹೇಳಿಸಿಕೊಳ್ಳದೆಯೇ ಕೈಕಾಲು ತೊಳೆಯುತ್ತಾರೆ. ಬಂದವರು ಹೊಸಿಲು ದಾಟಿದ ಮೇಲೆಯೇ ಮನೆಗೆ ತನ್ನ ನಿಜವಾದ ಮುಖ ಮರಳುವುದು. ಸಂಸಾರದ ಹಾಸ್ಯ ಹುಟ್ಟುವುದು ಈ ಮುಖದಿಂದ. ಹೀಗಿರುವಾಗ ಹಾಸ್ಯನಾಟಕವೊಂದರ ಮನೆಯೊಳಕ್ಕೆ ಲೋಕಪ್ರಸಿದ್ಧರನ್ನು ಕರೆತಂದು ಕೂರಿಸಿದರೆ ಆ ಹಾಸ್ಯದ ಗತಿಯೇನು?

ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದುದು ಬಿ.ಬಿ.ಸಿ.ಯ ಒಂದು ಪ್ರಯೋಗ. ಐರ್ಲೆಂಡಿನ ನಟ ಬ್ರೆಂಡನ್ ಓ'ಕ್ಯಾರಲ್ 1992ರಲ್ಲಿ ರೇಡಿಯೋ ನಾಟಕಕ್ಕಾಗಿ ಆಗ್ನೆಸ್ ಬ್ರೌನ್ ಎಂಬ ಡಬ್ಲಿನ್ನಿನ ವಿಧವೆಯನ್ನು ಸೃಷ್ಟಿಸಿದರು. ಬಾಯಿ ಒರಟು, ಕರುಳು ಮೆದು. ಬೆಳೆದ ಮಕ್ಕಳ ಬದುಕಿನಲ್ಲೆಲ್ಲ ಮೂಗು ತೂರಿಸುವ ತಾಯಿ ಅವಳು. ಕಾದಂಬರಿ, ರಂಗಭೂಮಿಗಳನ್ನು ದಾಟಿ ಅವಳು 2011ರಲ್ಲಿ 'ಮಿಸೆಸ್ ಬ್ರೌನ್ಸ್ ಬಾಯ್ಸ್' ಎಂಬ ಹಾಸ್ಯ ಧಾರಾವಾಹಿಯಾಗಿ ಕಿರುತೆರೆಗೆ ಬಂದಳು. ಆ ಮುದುಕಿಯ ವೇಷ ಸ್ವತಃ ಓ'ಕ್ಯಾರಲ್ ಅವರದೇ. ಯಕ್ಷಗಾನದ ಸ್ತ್ರೀವೇಷವನ್ನು ಕಂಡು ಬೆಳೆದ ನಮಗೆ ಇದು ವಿಚಿತ್ರವೆನಿಸದು.

ವಿಮರ್ಶಕರಲ್ಲಿ ಅನೇಕರು ಇದನ್ನು ಹಳಸಿದ ಹಾಸ್ಯವೆಂದು ಜರೆದರು. ಜನರಾದರೋ ಮುಗಿಬಿದ್ದು ನೋಡಿದರು. 2012ರಲ್ಲಿ ಬಾಫ್ಟಾ ಪ್ರಶಸ್ತಿ ಬಂದಿತು. 2016ರಲ್ಲಿ 'ರೇಡಿಯೋ ಟೈಮ್ಸ್' ಪತ್ರಿಕೆಯ ಓದುಗರು ಇದನ್ನೇ ಈ ಶತಮಾನದ ಅತ್ಯುತ್ತಮ ಹಾಸ್ಯ ಧಾರಾವಾಹಿಯೆಂದು ಆರಿಸಿದರು. ಪಂಡಿತರ ತೀರ್ಪಿಗೂ ಪಾಮರರ ತೀರ್ಪಿಗೂ ಇಷ್ಟು ಅಂತರವಿದ್ದಾಗ, ಜನಕ್ಕೆ ರುಚಿಯಿಲ್ಲವೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಸಾಹಿತ್ಯವನ್ನು ಪಾಠ ಹೇಳುವವನು ಅಷ್ಟು ಸುಲಭದ ದಾರಿ ಹಿಡಿಯಬಾರದು. ಜನ ಅದರಲ್ಲಿ ಕಂಡದ್ದೇನು ಎಂದು ಕೇಳಬೇಕು.

ಅವರು ಕಂಡದ್ದು ಒಂದು ಕುಟುಂಬವನ್ನು; ಬರಿಯ ಕಥೆಯ ಕುಟುಂಬವನ್ನಲ್ಲ. ಮಗಳು ಕ್ಯಾಥಿಯಾಗಿ ನಟಿಸುವ ಜೆನಿಫರ್ ಗಿಬ್ನಿ ನಿಜಜೀವನದಲ್ಲಿ ಓ'ಕ್ಯಾರಲ್ ಅವರ ಪತ್ನಿ. ನೆರೆಮನೆಯ ವಿನ್ನಿ ಅವರ ಸಹೋದರಿ. ಮಗ, ಮಗಳು ಇಬ್ಬರೂ ತಂಡದಲ್ಲಿದ್ದಾರೆ. ನಟರು ಮಾತು ತಪ್ಪಿದರೆ, ನಗು ತಡೆಯಲಾರದೆ ಹೋದರೆ, ಅದನ್ನು ಕತ್ತರಿಸಿ ಎಸೆಯದೆ ಹಾಗೆಯೇ ಪ್ರಸಾರ ಮಾಡುವುದುಂಟು. ಬರೆದಿರದ ಒಂದು ಮಾತನ್ನು ಥಟ್ಟನೆ ಎಸೆದು ಹೆಂಡತಿಯನ್ನೋ ಅಕ್ಕನನ್ನೋ ಗಂಡ ಪೇಚಿಗೆ ಸಿಲುಕಿಸುವ ಆ ಕ್ಷಣದಲ್ಲಿ ನೋಡುಗನೂ ಆ ಮನೆಯ ಜಗಲಿಯಲ್ಲಿ ಕುಳಿತವನಾಗುತ್ತಾನೆ.

ಈ ಮನೆಯೇ 2017ರ ಮಾರ್ಚಿನಲ್ಲಿ 'ಆಲ್ ರೌಂಡ್ ಟು ಮಿಸೆಸ್ ಬ್ರೌನ್ಸ್' ಎಂಬ ಹೊಸ ಕಾರ್ಯಕ್ರಮವಾಯಿತು. ಶನಿವಾರದ ರಾತ್ರಿ ಗಣ್ಯರು ಆಗ್ನೆಸಳ ಮನೆಗೆ ಬರುವುದು, ಹರಟುವುದು, ನಡುನಡುವೆ ಹಾಡು, ಆಟ. ಮೊದಲ ಸರಣಿಯಲ್ಲಿ ಚಿತ್ರನಟಿ ಪಮೇಲಾ ಆ್ಯಂಡರ್ಸನ್, ಟೆನಿಸ್ ವೀರ ಆ್ಯಂಡಿ ಮರ್ರಿಯ ತಾಯಿ ಜೂಡಿ ಮರ್ರಿ ಮೊದಲಾದವರು ಬಂದರು. ನಾಲ್ಕು ಸರಣಿಗಳು ನಡೆದು 2020ರಲ್ಲಿ ಇದು ನಿಂತಿತು.

ಥಟ್ಟನೆ ಹೊಳೆಯುವ ಮಾತೇ ಬಂಡವಾಳವಾಗಿದ್ದ ತಂಡಕ್ಕೆ ಹರಟೆಯ ಕಾರ್ಯಕ್ರಮ ಸಹಜವಾದ ಮುಂದಿನ ಹೆಜ್ಜೆಯಲ್ಲವೆ ಎಂದು ಕೇಳಬಹುದು. ವಾದವೇನೋ ಸರಿಯಾಗಿಯೇ ತೋರುತ್ತದೆ. ಆದರೆ ಹೆಂಡತಿಯನ್ನು ಪೇಚಿಗೆ ಸಿಲುಕಿಸಬಲ್ಲ ಗಂಡ ಅಪರಿಚಿತರನ್ನು ಹಾಗೆ ಸಿಲುಕಿಸಲಾರ. ಆ ಸಲಿಗೆ ಹಲವು ವರ್ಷಗಳ ಒಡನಾಟದ ಗಳಿಕೆ. ಒಂದು ಸಂಜೆಯ ಅತಿಥಿಗೆ ಅದು ದಕ್ಕದು. ಆಗ್ನೆಸ್ ಗಣ್ಯರನ್ನು ಉಪಚರಿಸತೊಡಗಿದಳು. ಉಪಚಾರ ಒಳ್ಳೆಯ ಗುಣ. ಆದರೆ ಅದು ಹಾಸ್ಯದ ಹಲ್ಲು ಕೀಳುತ್ತದೆ. ಧಾರಾವಾಹಿಯಲ್ಲಿ ಮಕ್ಕಳು ತನ್ನನ್ನು ಬಿಟ್ಟುಹೋದಾರೆಂಬ ಅಳುಕು ತಾಯಿಯ ಬೈಗುಳದ ಹಿಂದೆ ಇತ್ತು. ಅತಿಥಿಯೆದುರು ಅವಳಿಗೆ ಕಳೆದುಕೊಳ್ಳಲು ಏನಿತ್ತು?

ಹಾಗಾದರೆ ಕಲ್ಪಿತ ಪಾತ್ರ ನಿಜವಾದ ಗಣ್ಯರೊಡನೆ ಹರಟಲೇಬಾರದೆ? ಹಾಗೆ ಹೇಳಲಾಗದು. ಆಸ್ಟ್ರೇಲಿಯದ ಬ್ಯಾರಿ ಹಂಫ್ರೀಸ್ 1955ರಲ್ಲಿ ಸೃಷ್ಟಿಸಿದ ಡೇಮ್ ಎಡ್ನಾ, 1987ರಲ್ಲಿ ಬ್ರಿಟನ್ನಿನಲ್ಲಿ ಸ್ವಂತ ಹರಟೆ ಕಾರ್ಯಕ್ರಮ ನಡೆಸಿದಾಗ ತಾನೇ ಎಲ್ಲರಿಗಿಂತ ದೊಡ್ಡವಳೆಂಬ ಠೀವಿಯಿಂದ ಅತಿಥಿಗಳ ಕೀರ್ತಿಯನ್ನು ಕಾಲಕಸವಾಗಿ ಕಂಡಳು. ಬಿ.ಬಿ.ಸಿ.ಯದೇ 'ದಿ ಕುಮಾರ್ಸ್ ಅಟ್ ನಂಬರ್ 42' (2001–2006) ಇನ್ನೂ ಜಾಣತನದ್ದು. ಲಂಡನ್ನಿನ ವೆಂಬ್ಲಿಯಲ್ಲಿ ನೆಲೆಸಿದ ಭಾರತೀಯ ಕುಟುಂಬವೊಂದು ಮಗನಿಗಾಗಿ ಹಿತ್ತಿಲಿನಲ್ಲಿ ಸ್ಟುಡಿಯೋ ಕಟ್ಟಿಸಿಕೊಡುತ್ತದೆ. ಮಗ ಗಂಭೀರವಾಗಿ ಸಂದರ್ಶನಕ್ಕೆ ತೊಡಗಿದರೆ ಅಪ್ಪ ದುಡ್ಡುಕಾಸಿನ ಮಾತೆತ್ತುತ್ತಾನೆ, ಅಜ್ಜಿ ಚೇಷ್ಟೆಗೆ ಇಳಿಯುತ್ತಾಳೆ. ಇಲ್ಲಿ ಅತಿಥಿಸತ್ಕಾರವೇ ಹಾಸ್ಯದ ವಸ್ತು. ನೆಂಟರೆದುರು ಮಾನ ಹೋದೀತೆಂಬ ಮಗನ ಅಳುಕೇ ಕಥೆ. ನೆಂಟರಿಗೆಂದೇ ಕಟ್ಟಿದ ಮನೆಗೂ, ಇದ್ದ ಮನೆಗೆ ನೆಂಟರನ್ನು ತುಂಬಿದುದಕ್ಕೂ ಇರುವ ಭೇದ ಇದು.

ನಮ್ಮ ಕನ್ನಡ ಕಿರುತೆರೆಯಲ್ಲಿಯೂ 2015ರಲ್ಲಿ ಆರಂಭವಾದ 'ಮಜಾ ಟಾಕೀಸ್' ಇದೇ ಬಗೆಯ ನಗೆಮನೆ. ಸೃಜನ್ ಲೋಕೇಶ್ ಯಜಮಾನಿಕೆಯ ಆ ಮನೆಗೆ ಚಿತ್ರತಾರೆಯರು ತಮ್ಮ ಹೊಸ ಚಿತ್ರದ ಸುದ್ದಿ ಹೊತ್ತು ಬರುತ್ತಿದ್ದರು. ಅಲ್ಲಿ ನನಗೆ ನೆನಪಿನಲ್ಲಿ ಉಳಿದುದು ಬಂದ ತಾರೆಯರಲ್ಲ, ವರಲಕ್ಷ್ಮಿಯ ಪಾತ್ರದ ಅಪರ್ಣಾ. ಸ್ವಚ್ಛ ಕನ್ನಡದ ನಿರೂಪಣೆಗೆ ಮಾದರಿಯೆಂದು ಹೆಸರಾಗಿದ್ದ ಅವರು, 2024ರಲ್ಲಿ ನಮ್ಮನ್ನು ಅಗಲಿದವರು, ಆ ಘನತೆಯನ್ನು ತಾವೇ ಲೇವಡಿ ಮಾಡಿಕೊಂಡು ನಗಿಸಿದರು. ತನ್ನದೊಂದನ್ನು ಪಣವಿಟ್ಟವರ ಹಾಸ್ಯ ಅದು.

ಸಂಸ್ಕೃತ ನಾಟಕದ ವಿದೂಷಕ ರಾಜನ ಪಕ್ಕದಲ್ಲಿಯೇ ಇದ್ದು ರಾಜನನ್ನೇ ಗೇಲಿ ಮಾಡಬಲ್ಲವನಾಗಿದ್ದ. ಇಂದಿನ ರಾಜರು ಖ್ಯಾತನಾಮರು. ಅವರ ಮಗ್ಗುಲಲ್ಲಿ ಕುಳಿತ ವಿದೂಷಕ ಅವರ ಡಂಗುರದವನಾದರೆ ನಷ್ಟ ಅವನೊಬ್ಬನದಲ್ಲ. ಕೀರ್ತಿಯನ್ನು ನೋಡಿ ನಗುವ ಶಕ್ತಿಯನ್ನು ನಾವೂ ಕಳೆದುಕೊಳ್ಳುತ್ತೇವೆ. ನೆಂಟರು ಬರಲಿ, ಆದರೆ ಅವರಿಗಾಗಿ ಹರಿದ ಚಾಪೆಯನ್ನು ಮರೆಮಾಡದ ಮನೆಗೆ ಬರಲಿ.